ನಮ್ಮೋರ ಮನೆ ಕೆಲಸ

ಹುತ್ತರಿ ಹಬ್ಬ ಕಳೆದು ಎರಡು ವಾರವಾಗಿತ್ತು. ಗದ್ದೆಯ ಕೊಯ್ಲು ಮುಗಿದು ಕಣದಲ್ಲಿ ಒಕ್ಕಣೆ ನಡೆದಿತ್ತು. ಬೆಳಗಿನ ಮಂಜು ಬಿದಿರುಮೆಳೆಯನ್ನು ಬಿಟ್ಟೇಳುವ ಮೊದಲೇ ಸಿದ್ದಬಸಪ್ಪ ಎತ್ತು ಕಟ್ಟಿ ಹುಲ್ಲು ತುಳಿಸುತ್ತಿದ್ದ. ಅವನ ಹೆಂಡತಿ ಶಕುಂತಲಮ್ಮ ತುಳಿದ ಹುಲ್ಲನ್ನು ಕೊಡವಿ ಪಕ್ಕಕ್ಕೆ ಎಸೆಯುತ್ತಿದ್ದಳು. ಮಗಳು ನೀಲ ಮಂಕರಿ ಹಿಡಿದು ಎತ್ತಿನ ಹಿಂದೆಯೇ ಸುತ್ತುತ್ತಿದ್ದಳು. ಎತ್ತು ಸಗಣಿ ಹಾಕಿದರೆ ಭತ್ತದ ಮೇಲೆ ಬೀಳದ ಹಾಗೆ ಹಿಡಿಯುವುದು ಅವಳ ಕೆಲಸ. ಅದು ಮುಗಿದ ಮೇಲೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸೋಮವಾರಪೇಟೆಯ ಹೈಸ್ಕೂಲಿಗೆ ಮೂರು ಮೈಲಿ ನಡೆಯಬೇಕಿತ್ತು. ಅದೇ ಸ್ಕೂಲಿನ ಅದೇ ಕ್ಲಾಸಿನ ಅಣ್ಣ ರೇವಣ್ಣ ಇನ್ನೂ ಕಂಬಳಿಯೊಳಗಿದ್ದ. ಹೋದ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಲೆಕ್ಕದಲ್ಲಿ ಬಿದ್ದು ಅವನು ಅಲ್ಲೇ ಉಳಿದಿದ್ದ. ಹಿಂದಿನಿಂದ ಬಂದ ತಂಗಿ ಪಕ್ಕದ ಬೆಂಚಿಗೆ ಸೇರಿದ್ದಳು.

"ಅಪ್ಪಯ್ಯ, ಪರೀಕ್ಷೆ ಫೀಸು ಹದಿನೈದು ರೂಪಾಯಂತೆ," ಎಂದಳು ನೀಲ ನಡೆಯುತ್ತಲೇ. "ಫೆಬ್ರವರಿ ಕಡೇ ತಾರೀಕಿನೊಳಗೆ ಕಟ್ಬೇಕಂತೆ."

"ರೇವಣ್ಣ ಹೇಳ್ದ."

"ಇಬ್ರಿಗೂ."

ಸಿದ್ದಬಸಪ್ಪ ಎತ್ತಿನ ಬೆನ್ನಿಗೆ ಮೆಲ್ಲಗೆ ತಟ್ಟಿದ. "ಅವ್ನದ್ದು ಭತ್ತ ಮಾರಿ ಕಟ್ಟಾದು. ನಿಂದು ನಾನು ಮೊದ್ಲೇ ಹೇಳಿದೀನಿ. ಹೆಡ್‌ಮೇಷ್ಟ್ರು ಬಂದು ಜಗಲಿ ಮೇಲೆ ಕೂತು ಕಾಡಿದ್ಕೆ ಓದ್ಲಿ ಅಂದೆ. ತಡೆಯಾದಿಲ್ಲ, ಮನೆ ದುಡ್ಡು ಹಾಕಾದೂ ಇಲ್ಲ. ಆಗ್ಲೇ ಆದ ಮಾತು."

"ಅವ್ನು ಈ ಸಲಾನೂ ಬೀಳ್ತಾನೆ," ಎಂದಳು ಶಕುಂತಲಮ್ಮ, ಹುಲ್ಲಿನ ಕಡೆಗೇ ನೋಡುತ್ತ.

"ಬಿದ್ರೆ ಗಂಡುಹುಡುಗ ಬಿದ್ದ ಅಂತಾರೆ. ಇವ್ಳು ಎದ್ರೂ ಯಾರ ಮನೆಗೆ ಬೆಳಕು?"

ಹೆಡ್‌ಮೇಷ್ಟರು ಜಗಲಿಯಲ್ಲಿ ಕೂತು ಹೇಳಿದ್ದ ಮಾತು ನೀಲನಿಗೆ ಬಾಯಿಪಾಠವಾಗಿತ್ತು. ಈ ಒಂದು ಪರೀಕ್ಷೆ ಪಾಸಾದರೆ ಟ್ರೈನಿಂಗು, ಟ್ರೈನಿಂಗು ಮುಗಿದರೆ ಕೊಡಗಿನ ಯಾವುದಾದರೂ ಪ್ರೈಮರಿ ಸ್ಕೂಲಿನಲ್ಲಿ ಕೆಲಸ. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಇವಳೇ ಮೊದಲು ಎಂದೂ ಹೇಳಿದ್ದರು. ಅದನ್ನು ಕೇಳಿ ರೇವಣ್ಣ ಎದ್ದು ಹಿತ್ತಲಿಗೆ ಹೋಗಿದ್ದ.

ಅಂದು ಸಂಜೆ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತ ಶಕುಂತಲಮ್ಮ ಮಗಳಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು: "ಮೇಲಿನ ಎಸ್ಟೇಟಲ್ಲಿ ಕಾಫಿಹಣ್ಣಿನ ಪಿಕ್ಕಿಂಗ್ ನಡೀತಾ ಐತೆ. ಜನ ಸಾಲ್ದು ಅಂತ ಲೆಕ್ಕ ಬರೆಯೋ ರೈಟರು ಹಾದಿ ಮೇಲೆ ಹೋಗೋರ್ನೆಲ್ಲ ಕರೀತಾವ್ನೆ. ಕ್ರಿಸ್ಮಸ್ ರಜಾ ಪೂರಾ, ಆಮೇಲೆ ಭಾನುವಾರ ಭಾನುವಾರ ಹೋದ್ರೆ ನಿನ್ನ ಫೀಸು ಆಗಿ ಮಿಗ್ತದೆ. ಡಬ್ಬಕ್ಕೆ ಇಷ್ಟು ಅಂತ ಕೈಗೆ ಕೊಡ್ತಾರೆ. ಬಾಕಿ ಇಲ್ಲ, ನಾಳೆ ಬಾ ಇಲ್ಲ."

"ಅಜ್ಜಿ?"

"ಅಜ್ಜಿ ಭಾನುವಾರ ಮಠಕ್ಕೆ ಹೋಯ್ತಾರೆ."

ಭಾನುವಾರ ನೀಲ ಕೂಲಿಯಾಳುಗಳ ಲೈನುಮನೆಯ ಹುಡುಗಿ ಚಿನ್ನಿಯ ಹಿಂದೆ ಎಸ್ಟೇಟಿಗೆ ಹೋದಳು. ಚಿನ್ನಿ ಅವಳಿಗಿಂತ ಒಂದು ವರ್ಷ ಚಿಕ್ಕವಳು. ಸೊಂಟಕ್ಕೆ ಗೋಣಿ ಕಟ್ಟಿ, ಕೊಂಬೆ ಬಗ್ಗಿಸಿ, ಹಣ್ಣು ಮಾತ್ರ ಉದುರುವ ಹಾಗೆ ಬೆರಳು ಎಳೆಯುವುದನ್ನು ತೋರಿಸಿದಳು. "ಕಾಯಿ ಬಿದ್ರೆ ರೈಟರ್ ಬಯ್ತಾರೆ. ಇರುವೆ ಕಚ್ಚಿದ್ರೆ ಯಾರೂ ಬಯ್ಯಾದಿಲ್ಲ," ಎಂದು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ನೀಲನ ಕುತ್ತಿಗೆಯೆಲ್ಲ ಕೆಂಪಿರುವೆ ಕಚ್ಚಿ ದದ್ದಾಗಿತ್ತು. ಸಂಜೆ ರೈಟರ್ ಸೋಮಯ್ಯ ಹಣ್ಣು ಅಳೆಸಿ ಅವಳ ಕೈಗೆ ಹನ್ನೆರಡಾಣೆ ಹಾಕಿದರು.

"ಸಿದ್ದಬಸಪ್ಪನ ಮಗಳಲ್ವಾ ನೀನು? ಮನೇಲಿ ಹೇಳಿ ಬಂದಿದೀಯಾ?"

"ಅವ್ವಂಗೆ ಹೇಳಿದೀನಿ."

"ಅರ್ಧ ಮನೆಗೆ ಹೇಳಿದೀಯ, ಹಾಗಾದ್ರೆ." ಸೋಮಯ್ಯ ಅವಳ ದದ್ದೆದ್ದ ಕುತ್ತಿಗೆ ನೋಡಿದರು. "ನನ್ನ ಮಕ್ಕಳಿಬ್ರೂ ಲೆಕ್ಕದಲ್ಲಿ ಕತ್ತೆಗಳು. ಸಂಜೆ ಒಂದು ಗಂಟೆ ಬಂದು ಹೇಳ್ಕೊಡು. ತಿಂಗಳಿಗೆ ನಾಲ್ಕು ರೂಪಾಯಿ ಕೊಡ್ತೇನೆ. ಇರುವೆ ಕಾಟ ಇಲ್ಲ."

ಮನೆಗೆ ಬಂದಾಗ ಅಜ್ಜಿ ರುದ್ರಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಠದಲ್ಲಿ ಅಂದು ಪ್ರಸಾದ ಬೇಗ ಮುಗಿದಿತ್ತು.

"ಕೈ ತೋರ್ಸು."

ನೀಲ ತೋರಿಸಿದಳು. ಹಣ್ಣಿನ ಅಂಟು ಒಣಗಿ ಬೆರಳೆಲ್ಲ ಕರ್ರಗಾಗಿತ್ತು.

"ಅಯ್ಯೋ ಶಿವನೇ! ಸಿದ್ದಾ, ಬಾಲಾ ಇಲ್ಲಿ. ನಿನ್ನ ಮಗಳು ಲೈನಿನೋರ ಜೊತೆ ಗೋಣಿ ಕಟ್ಕಂಡು ಕೂಲಿ ಮಾಡ್ಕಂಡು ಬಂದವ್ಳೆ. ನಾಳೆ ಯಾರು ಬತ್ತಾರಲಾ ಇವ್ಳನ್ನ ಕೇಳ್ಕಂಡು?"

"ಕದ್ದು ತಂದಿಲ್ವಲ್ಲ ಅತ್ತೆಮ್ಮ," ಎಂದಳು ಒಳಗಿನಿಂದ ಶಕುಂತಲಮ್ಮ.

"ನೀನೇ ಕಳಿಸಿದ್ದು ಅಂತ ಗೊತ್ತು ಬಿಡು. ನಿಮ್ಮಪ್ಪನ ಮನೇಲಿ ಏಲಕ್ಕಿ ಕುಯ್ಯೋಕೆ ಹೋಗ್ತಿದ್ರಲ್ಲ, ಅದೇ ಬುದ್ಧಿ."

"ಹೋಗ್ತಿದ್ವಿ. ಸಂಜೆ ದುಡ್ಡು ಇರ್ತಿತ್ತು."

ನೀಲ ಸೋಮಯ್ಯನವರ ಪಾಠದ ಮಾತು ಹೇಳಿದಳು. ಅದಾದರೂ ಒಪ್ಪಿಗೆಯಾದೀತು ಎಂದುಕೊಂಡಿದ್ದಳು. ರುದ್ರಮ್ಮ ಎರಡು ಕೈಯಿಂದ ಕಿವಿ ಮುಚ್ಚಿಕೊಂಡಳು. "ಕೋಳಿಸಾರು ಕುದಿಯೋ ಮನೇಲಿ ಕೂತು ಲಿಂಗ ಕಟ್ಟಿದ ಹುಡುಗಿ ಪಾಠ ಹೇಳ್ತಾಳಂತೆ! ಲೆಕ್ಕ ಹೇಳ್ಕೊಟ್ಟು ಮೂಳೆ ಎಣಿಸ್ಕಂಡು ಬಾ."

ರೇವಣ್ಣ ಜೋರಾಗಿ ನಕ್ಕ. ಸಿದ್ದಬಸಪ್ಪ ನಗಲಿಲ್ಲ. "ತೋಟಕ್ಕೂ ಬೇಡ, ಅಲ್ಲಿಗೂ ಬೇಡ," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಹನ್ನೆರಡಾಣೆಯನ್ನು ರುದ್ರಮ್ಮ ಒಳಗೆ ಒಯ್ಯಲು ಬಿಡಲಿಲ್ಲ. ಶಕುಂತಲಮ್ಮ ಅದನ್ನು ದನದ ಕೊಟ್ಟಿಗೆಯ ತೊಲೆಯ ಮೇಲೆ ಇಟ್ಟಳು.

ಕ್ರಿಸ್ಮಸ್ ರಜ ಹೀಗೆ ಭತ್ತ ತೂರುವುದರಲ್ಲಿ, ಹುಲ್ಲು ಒಟ್ಟುವುದರಲ್ಲಿ ಕಳೆಯಿತು. ಜನವರಿಯ ಒಂದು ಸೋಮವಾರ ರುದ್ರಮ್ಮ ಪೇಟೆಯ ಸಂತೆಗೆ ಹೋದವಳು ಮಗಳು ಹಾಲಮ್ಮನ ಮನೆಗೂ ಹೋಗಿ ಬಂದಳು. ಹಾಲಮ್ಮ ಸಿದ್ದಬಸಪ್ಪನ ತಂಗಿ. ಪೇಟೆಯ ಬಟ್ಟೆ ಅಂಗಡಿಯ ಸಾಂತಪ್ಪನ ಹೆಂಡತಿ. ಮೂರು ಮಕ್ಕಳಿದ್ದವು, ನಾಲ್ಕನೆಯದಕ್ಕೆ ದಿನ ತುಂಬಿತ್ತು. ರುದ್ರಮ್ಮ ಊಟಕ್ಕೆ ಕೂತವಳೇ ವಿಷಯ ತೆಗೆದಳು.

"ದೇವ್ರು ದಾರಿ ತೋರ್ಸಿದ. ನೀಲ ನಮ್ಮ ಹಾಲಿ ಮನೇಲಿರ್ಲಿ. ಬಾಣಂತನಕ್ಕೆ ಒಂದು ಕೈ ಆಯ್ತದೆ, ಸ್ಕೂಲು ಅಲ್ಲೇ ಕೂಗಳತೇಲಿ. ಮೂರು ಮೈಲಿ ನಡೆಯಾದು ತಪ್ತದೆ. ಊಟ ಅಲ್ಲೇ. ಫೀಸೂ ಅವ್ರೇ ಕಟ್ತಾರೆ."

"ಕಟ್ತೀವಿ ಅಂತ ಅಂದ್ರಾ?" ಶಕುಂತಲಮ್ಮ ಸೌಟು ಹಿಡಿದು ನಿಂತಳು.

"ಕಟ್ದೆ ಬಿಡ್ತಾರಾ? ಸಾಂತಪ್ಪಂಗೆ ಹದಿನೈದು ರೂಪಾಯಿ ಒಂದು ರೇಷ್ಮೆ ಸೀರೆ ಲಾಭ."

"ಬಾಯಲ್ಲಿ ಅಂದ್ರಾ ಅಂತ ಕೇಳ್ದೆ."

"ಹೊಟ್ಟೇಲಿ ಹುಟ್ಟಿದ ಮಗಳ ಹತ್ರ ಕೂಲಿ ಕರಾರು ಮಾಡ್ಕಳಾದಾ? ಇದೇನು ಎಸ್ಟೇಟಾ? ನಮ್ಮೋರ ಮನೆ ಕಣೆ. ನಮ್ಮೋರ ಮನೆ ಕೆಲಸಕ್ಕೆ ರೇಟು ಕೇಳಾದು ಎಲ್ಲಿ ಕಲ್ತೆ ನೀನು?"

ಸಿದ್ದಬಸಪ್ಪ ಮಜ್ಜಿಗೆ ಕಲಸಿಕೊಳ್ಳುತ್ತ, "ಇದು ಸರಿಯಾಯ್ತದೆ. ಮರ್ವಾದೆ ಇರೋ ಕೆಲಸ," ಎಂದ.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ಶಕುಂತಲಮ್ಮ ಮಗಳನ್ನು ಕೇಳಿದಳು. "ನೀನೇನಂತೀಯ? ನಿಂಗೆ ಬೇಡ ಅಂದ್ರೆ ನಾನು ಜಗಳ ಆಡಿಯಾದ್ರೂ ನಿಲ್ಲಿಸ್ತೀನಿ. ಎಸ್ಟೇಟಲ್ಲಿ ಇನ್ನೂ ಹಣ್ಣೈತೆ."

ನೀಲ ಕೊಡ ತುಂಬಿ ಕಟ್ಟೆಯ ಮೇಲಿಟ್ಟಳು. "ಅಲ್ಲಿ ಅಂಗಡೀಲಿ ಗ್ಯಾಸ್‌ಲೈಟ್ ಹಚ್ತಾರೆ ಅವ್ವ. ಸಂಜೆ ಓದ್ಕಬೋದು. ಇರುವೇನೂ ಇಲ್ಲ, ಅಜ್ಜಿ ಕೂಗಾಟಾನೂ ಇಲ್ಲ. ಅತ್ತೆ ಒಳ್ಳೇವ್ರು."

"ಅತ್ತೆ ಒಳ್ಳೇವ್ಳೇ. ಹೋದ ದಿನವೇ ಫೀಸಿನ ಮಾತು ಎತ್ತು. ನಾಚ್ಕಬ್ಯಾಡ."

ಹೋದ ದಿನ ನೀಲ ಮಾತೆತ್ತಲಿಲ್ಲ. ಅಂದೇ ಮಧ್ಯಾಹ್ನ ಹಾಲಮ್ಮನಿಗೆ ನೋವು ಶುರುವಾಗಿತ್ತು. ಮಾರನೆಯ ದಿನ ಗಂಡುಮಗು ಹುಟ್ಟಿತು; ಮಠದ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿ ದಕ್ಷಿಣೆ ತೆಗೆದುಕೊಂಡು ಹೋದರು. ಆಮೇಲೆ ಮಾತಿಗೆ ಬಿಡುವೇ ಆಗಲಿಲ್ಲ. ಕೋಳಿ ಕೂಗುವಾಗ ಎದ್ದು ಹಂಡೆಗೆ ನೀರು ತುಂಬಿ ಉರಿ ಹಾಕಬೇಕು. ಬಾಣಂತಿಗೆ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯಬೇಕು. ಕೂಸಿಗೆ ಹೊಗೆ ಹಾಕಬೇಕು. ಬೆಳ್ಳುಳ್ಳಿ ಬಿಡಿಸಿ ಮೆಣಸುಸಾರು ಮಾಡಬೇಕು. ಮೂರು ಮಕ್ಕಳ ಮುಖ ತೊಳೆಸಿ ಕಡುಬು ತಿನ್ನಿಸಬೇಕು. ಬಟ್ಟೆಯ ರಾಶಿಯನ್ನು ಕೆರೆಗೆ ಒಯ್ದು ಒಗೆದು ತರುವ ಹೊತ್ತಿಗೆ ಕೂಗಳತೆಯ ಸ್ಕೂಲಿನ ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿರುತ್ತಿತ್ತು.

"ಮೂರು ಮೈಲಿಯಿಂದ ನಡೆದು ಬರುವಾಗ ಮೊದಲು ಬರ್ತಿದ್ದೆ," ಎಂದರು ಲೆಕ್ಕದ ಮೇಷ್ಟರು. "ಈಗ ಬೀದಿ ದಾಟಿ ಬರೋಕೆ ತಡವಾ?"

ಗ್ಯಾಸ್‌ಲೈಟು ಇತ್ತು, ಅಂಗಡಿಯಲ್ಲಿ. ಅಲ್ಲಿ ಗಂಡಸರು ಕೂರುತ್ತಿದ್ದರು. ಒಳಗೆ ಬಾಣಂತಿ ಕೋಣೆಯಲ್ಲಿ ಹರಳೆಣ್ಣೆ ದೀಪ. ನೀಲ ಮಗುವಿನ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತ ಓದಲು ಕಲಿತಳು. ಅದನ್ನು ಕಂಡು ಹಾಲಮ್ಮ ಮೆಚ್ಚಿದಳು.

"ಜಾಣೆ ಕಣೆ ನೀನು. ನಮ್ಮ ಮೂರನೇದು ಹುಟ್ಟಿದಾಗ ತವರಿಂದ ಒಂದು ನಾಯಿಮರಿನೂ ಬರ್ಲಿಲ್ಲ. ಹನ್ನೊಂದನೇ ದಿನಕ್ಕೆ ನಾನೇ ಎದ್ದು ರೊಟ್ಟಿ ತಟ್ಟಿದ್ದು. ಇವ್ರು ಇವತ್ತಿಗೂ ಆಡಿ ತೋರಿಸ್ತಾರೆ. ಈಗ ಬಾಯಿ ಮುಚ್ಕಂಡವ್ರೆ."

"ಅತ್ತೆ, ಪರೀಕ್ಷೆ ಹತ್ರ ಬಂತು," ಎಂದಳು ನೀಲ. ಫೀಸಿನ ಮಾತಿಗೆ ಬರುವಷ್ಟರಲ್ಲಿ ಹಾಲಮ್ಮನೇ ಬಾಯಿ ಹಾಕಿದಳು.

"ಓದ್ಕೋ ಓದ್ಕೋ. ಯಾರು ಬೇಡ ಅಂದ್ರು? ಕೂಸಿನ ಬಟ್ಟೆ ಒದ್ದೆಯಾಯ್ತೇನೋ ನೋಡು."

ಸೋಮವಾರದ ಸಂತೆಯ ದಿನ ರೇವಣ್ಣ ಊಟಕ್ಕೆ ಬರುತ್ತಿದ್ದ. ಅಪ್ಪ ಅವನ ಫೀಸು ಕಟ್ಟಿಯಾಗಿತ್ತು. ತಂಗಿ ಬಡಿಸುವಾಗ, "ನಿಂದು ಕಟ್ಟಿದ್ರಾ?" ಎಂದು ಕೇಳಿದ.

"ಇನ್ನೂ ಇಲ್ಲ. ನೀನೊಂದು ಮಾತು ಮಾಮನ ಹತ್ರ ಕೇಳು."

"ನಾನಾ? ನಂಗ್ಯಾಕೆ. ಉಂಡ ಮನೇಲಿ ದುಡ್ಡಿನ ಮಾತಾಡಿದ್ರೆ ನಾಳೆಯಿಂದ ಊಟಾನೂ ಹೋಯ್ತದೆ." ಅವನು ಇನ್ನೊಂದು ಕಡುಬು ಹಾಕಿಸಿಕೊಂಡ. ಏಳುವಾಗ, "ರೇಖಾಗಣಿತದ್ದು ಸಾಧನೆ ಲೆಕ್ಕ ಎರಡು ಬಂದಿಲ್ಲ, ಬಿಡಿಸಿ ಇಡು. ನಾಳೆ ಕ್ಲಾಸಿಗೆ ಮುಂಚೆ ಇಸ್ಕೋತೀನಿ," ಎಂದು ಹಾಳೆ ಕೊಟ್ಟು ಹೋದ.

ಫೆಬ್ರವರಿ ಕೊನೆಗೆ ಬಂತು. ಕಡೇ ತಾರೀಕಿನ ಬೆಳಿಗ್ಗೆ ಬಾಣಂತಿಗೆ ನಲವತ್ತು ತುಂಬಿತು. ಹಾಲಮ್ಮ ತಲೆಗೆ ನೀರು ಹಾಕಿಸಿಕೊಂಡು, ಹೊಸ ಸೀರೆ ಉಟ್ಟು, ನೀಲನನ್ನು ಮಣೆಯ ಮೇಲೆ ಕೂರಿಸಿದಳು. ಹಣೆಗೆ ವಿಭೂತಿ ಕುಂಕುಮ ಇಟ್ಟು, ದಾವಣಿಯ ಸೆರಗು ಒಡ್ಡಿಸಿ, ಅದರಲ್ಲಿ ಒಂದು ಹಸಿರು ನೂಲಿನ ಸೀರೆ, ತೆಂಗಿನಕಾಯಿ, ಎಲೆಅಡಿಕೆ, ಎರಡು ಅಚ್ಚು ಬೆಲ್ಲ ಹಾಕಿದಳು. ಸಾಂತಪ್ಪ ಬಾಗಿಲಲ್ಲಿ ನಿಂತು, "ಚೆನ್ನಾಗಿ ನೋಡ್ಕಂಡೆ ಮಗ. ಸಂಜೆ ಬೀರನ ಜೊತೆ ಊರಿಗೆ ಹೋಗು," ಎಂದ. ಬೀರ ಅಂಗಡಿಯ ಆಳು.

ನೀಲ ಸೆರಗು ಹಿಡಿದೇ ಕೂತಿದ್ದಳು. "ಅತ್ತೆ, ಫೀಸು ಇವತ್ತು ಕಡೇ ದಿನ."

"ಯಾವ ಫೀಸು?"

"ಪರೀಕ್ಷೆದು. ಹದಿನೈದು ರೂಪಾಯಿ. ಅಜ್ಜಿ ಹೇಳಿದ್ರು, ನೀವು ಕಟ್ತೀರಿ ಅಂತ."

ಹಾಲಮ್ಮ ಗಂಡನ ಮುಖ ನೋಡಿದಳು. ಸಾಂತಪ್ಪ ಒಳಕ್ಕೆ ಬಂದ. "ನಿಮ್ಮಜ್ಜಿ ನಮ್ಮ ಹತ್ರ ಅಂಥಾ ಮಾತೇ ಆಡಿಲ್ಲ. 'ಹೋದ ಸಲದ ಬಾಣಂತನ ಬಾಕಿ ಐತೆ, ಈ ಸಲ ನೀಲನ್ನ ಕಳಿಸ್ತೀನಿ, ಲೆಕ್ಕ ತೀರ್ತದೆ' ಅಂದ್ರು. ತವರಿನೋರು ಬಾಣಂತನ ಮಾಡಿದ್ಕೆ ನಾವು ಕೂಲಿ ಕೊಡಾದಾ? ಯಾವ ಸೀಮೇಲೈತೆ?"

"ಕೂಲಿ ಅಲ್ಲ ಮಾಮ. ಫೀಸು."

"ಹೆಸ್ರು ಬದಲಾಯಿಸಿದ್ರೆ ದುಡ್ಡು ಬದಲಾಯ್ತದಾ?"

"ಸೀರೆ ಹಿಡಿದ ಮೇಲೆ ಮಾತಿಲ್ಲ ಅಂತಾರೆ ಕಣೆ ಹಿರಿಯರು," ಎಂದಳು ಹಾಲಮ್ಮ, ಸ್ವಲ್ಪ ಮೆತ್ತಗೆ. "ಮಡಿಲಿಗೆ ಹಾಕಿದ್ಮೇಲೆ ಲೆಕ್ಕ ಎತ್ತಿದ್ರೆ ಕೂಸಿಗೆ ಆಗಿಬರಲ್ಲ. ಏಳು, ಕಾಫಿ ಕುಡಿ."

ನೀಲ ಕಾಫಿ ಕುಡಿಯಲಿಲ್ಲ. ಸ್ಕೂಲಿಗೆ ಹೋಗಿ ಗುಮಾಸ್ತರನ್ನು ಕೇಳಿದಳು. ನಾಲ್ಕು ಗಂಟೆಗೆ ಪಟ್ಟಿ ಮುಚ್ಚಿ ಮಡಿಕೇರಿಗೆ ಹೋಗುತ್ತದೆ, ಹೆಡ್‌ಮೇಷ್ಟರು ಮಡಿಕೇರಿಯಲ್ಲೇ ಇದ್ದಾರೆ ಎಂದರು. ಅವಳು ತಿರುಗಿ ಬಂದು ಸೀರೆಯನ್ನು ಎತ್ತಿಕೊಂಡು ಅಂಗಡಿಗೆ ಹೋದಳು. ಅಂಗಡಿಯ ಮೆಟ್ಟಿಲನ್ನು ಮುಂದಿನ ಬಾಗಿಲಿಂದ ಅವಳು ಹತ್ತಿದ್ದು ಅದೇ ಮೊದಲು. ಸಾಂತಪ್ಪ ಗದ್ದುಗೆಯ ಮೇಲಿದ್ದ. ಎದುರಿಗೆ ಹಳ್ಳಿಯ ಗಂಡ ಹೆಂಡತಿ ಇಬ್ಬರು ಸೀರೆ ನೋಡುತ್ತಿದ್ದರು. ಹೆಂಗಸಿನ ಕೈಯಲ್ಲಿದ್ದುದೂ ಅದೇ ಹಸಿರು ಸೀರೆ, ಅದೇ ಅಂಚು.

"ಹನ್ನೆರಡು ರೂಪಾಯಿ. ಒಂದು ಕಾಸು ಕಮ್ಮಿ ಇಲ್ಲ," ಎನ್ನುತ್ತಿದ್ದ ಸಾಂತಪ್ಪ.

ನೀಲ ತನ್ನ ಸೀರೆಯನ್ನು ಗದ್ದುಗೆಯ ಮೇಲಿಟ್ಟಳು. "ಮಾಮ, ಇದನ್ನ ಇಟ್ಕಂಡು ಹನ್ನೆರಡು ಕೊಡಿ. ಮಿಕ್ಕ ಮೂರು ಎಲ್ಲಾದ್ರೂ ನೋಡ್ಕೋತೀನಿ. ಮಡಿಕೆ ಬಿಚ್ಚಿಲ್ಲ."

ಹಳ್ಳಿಯ ಹೆಂಗಸು ಎರಡು ಸೀರೆಯನ್ನೂ ನೋಡಿ, "ಅದ್ಯಾಕವ್ವ ವಾಪಸ್ಸು? ಬಣ್ಣ ಹೋಯ್ತದಾ?" ಎಂದಳು.

ಸಾಂತಪ್ಪನ ಮುಖ ಕೆಂಪಾಯಿತು. "ಏನಿಲ್ಲ ಕಣಮ್ಮ, ನಮ್ಮ ಮನೆ ಹುಡುಗಿ. ಹುಡುಗಾಟ." ಎದ್ದು ಬಂದು ನೀಲನ ಕಂಕುಳಿಗೆ ಸೀರೆ ಸಿಕ್ಕಿಸಿ ಹಿಂಬಾಗಿಲ ಕಡೆಗೆ ನಡೆಸಿದ. "ಮಡಿಲಿಗೆ ಹಾಕಿದ್ದನ್ನ ಅಂಗಡಿಗೆ ತರ್ತಾರೇನೇ? ಗಿರಾಕಿ ಎದುರು ಮಾನ ತೆಗೀತೀಯ. ಇಷ್ಟು ದಿನ ಅನ್ನ ಹಾಕಿದ್ಕಾ?"

ಸ್ವಲ್ಪ ಹೊತ್ತಿನ ಮೇಲೆ ಹಳ್ಳಿಯ ಹೆಂಗಸು ಹಸಿರು ಸೀರೆ ಬಿಟ್ಟು ಕೆಂಪನೆಯದು ಕೊಂಡು ಹೋದಳು. ನೀಲ ಬೀರನಿಗೆ ಕಾಯದೆ ಒಬ್ಬಳೇ ಊರಿನ ದಾರಿ ಹಿಡಿದಳು.

ಮನೆಯಲ್ಲಿ ರುದ್ರಮ್ಮ ಸೀರೆಯ ಅಂಚು ಮುಟ್ಟಿ ನೋಡಿ ಹಿಗ್ಗಿದಳು. "ನೋಡೇ, ಗಟ್ಟಿ ನೂಲು. ಹಾಲಿ ಕೈ ದೊಡ್ದು."

"ಫೀಸು?" ಎಂದಳು ಶಕುಂತಲಮ್ಮ.

ನೀಲ ನಡೆದದ್ದನ್ನು ಹೇಳಿದಳು. ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿತ್ತು, ಯಾರೂ ಏಳಲಿಲ್ಲ.

"ಅತ್ತೆಮ್ಮ, ನೀವು ಕೇಳ್ಲೇ ಇಲ್ವಾ?"

"ತಿಳ್ಕಂಡು ಕಟ್ತಾಳೆ ಅಂದ್ಕಂಡಿದ್ದೆ. ಬಾಯಿ ಬಿಟ್ಟು ಕೇಳಿದ್ರೆ ನನ್ನ ಮಗಳು ಗಂಡನ ಮನೇಲಿ ತಲೆ ಎತ್ಕಂಡು ಇರಾದು ಹೆಂಗೆ? 'ತವರಿನೋರು ಬಾಣಂತನಕ್ಕೆ ದುಡ್ಡು ಕೇಳಿದ್ರು' ಅಂತ ಸಾಂತಪ್ಪ ಸಾಯಾಗಂಟ ಅಂತಿದ್ದ."

"ನಿಮ್ಮ ಮಗಳು ತಲೆ ಎತ್ಕಂಡಿರ್ಲಿ ಅಂತ ನನ್ನ ಮಗಳ ತಲೆ ಬಗ್ಗಿಸಿದ್ರಿ."

"ಬಾಯಿ ಮುಚ್ಚು ಶಕುಂತಲಾ," ಎಂದ ಸಿದ್ದಬಸಪ್ಪ.

"ನಿಮಗೂ ಗೊತ್ತಿತ್ತಾ? ಬಾಕಿ ತೀರಿಸೋಕೆ ಕಳಿಸ್ತಿರಾದು ಅಂತ?"

ಸಿದ್ದಬಸಪ್ಪ ಎದ್ದು ನಿಂತ. ಹಾಲಮ್ಮನ ಮೂರನೆಯ ಬಾಣಂತನದ ಕಾಲಕ್ಕೆ ಅವನು ಹೊಸ ಎತ್ತು ತಂದಿದ್ದ. ಕೈ ಬಿಗಿಯಾಗಿತ್ತು, ತಂಗಿಯನ್ನು ತವರಿಗೆ ಕರೆಸಿರಲಿಲ್ಲ. "ಮುಂದಿನ ವರ್ಷ ಬರೆದ್ರಾಯ್ತು. ಪರೀಕ್ಷೆ ಎಲ್ಲಿಗೂ ಓಡಿ ಹೋಗಾದಿಲ್ಲ," ಎಂದು ಕೊಟ್ಟಿಗೆಗೆ ಹೋದ. ಶಕುಂತಲಮ್ಮ ಆ ರಾತ್ರಿ ಗಂಡನಿಗೂ ಅತ್ತೆಗೂ ಬಡಿಸಿ, ತಾನು ಉಣ್ಣದೆ ಪಾತ್ರೆ ತೊಳೆದಿಟ್ಟಳು.

ನೀಲ ಮರುದಿನವೂ ಸ್ಕೂಲಿಗೆ ಹೋದಳು. ಮುಂದಿನ ವರ್ಷಕ್ಕೆಂದೇ ಹೋಗುತ್ತಿದ್ದಳು. ಒಂದು ಸಂಜೆ ಎಸ್ಟೇಟಿನ ಹಾದಿಯಲ್ಲಿ ಸೋಮಯ್ಯ ಎದುರಾದರು. ಅವಳೇ ನಿಂತು ಕೆಲಸ ಇದೆಯೇ ಎಂದು ಕೇಳಿದಳು. "ಪಿಕ್ಕಿಂಗ್ ಮುಗೀತಲ್ಲ ಮಗ," ಎಂದರು ಅವರು. "ಪಾಠಕ್ಕೂ ಒಬ್ಬ ಹುಡುಗ ಸಿಕ್ಕಿದ. ಡಿಸೆಂಬರ್‌ನಲ್ಲಿ ಬಾ, ನೋಡುವ."

ಪರೀಕ್ಷೆಗಳು ಮಡಿಕೇರಿಯಲ್ಲಿ. ರೇವಣ್ಣ ಹೊರಡುವ ದಿನ ರುದ್ರಮ್ಮ ಅವನಿಗೆ ಮೊಸರು ತಿನ್ನಿಸಿದಳು. ಸಿದ್ದಬಸಪ್ಪ ಬಸ್ಸಿನವರೆಗೆ ಟ್ರಂಕು ಹೊತ್ತ. ಅದೇ ಬಸ್ಸಿನಿಂದ ಬೀರ ಇಳಿದು ಅವನ ಜೊತೆಯಲ್ಲೇ ಮನೆಗೆ ಬಂದ. ಜಗಲಿಯ ಕೆಳಗೆ ನಿಂತು ಟವಲು ಕೈಗೆ ತೆಗೆದುಕೊಂಡ.

"ಕೂಸಿಗೆ ಜ್ವರ. ಅಮ್ಮಾವ್ರಿಗೂ ಸೊಂಟ ಹಿಡಿದೈತೆ. ನೀಲಮ್ಮನ್ನ ಒಂದು ಹದಿನೈದು ದಿನಕ್ಕೆ ಕಳಿಸಬೇಕಂತೆ. ಸಂಜೆ ಬಸ್ಸಿಗೇ."

"ಹೋಗ್ತಾ ಇರು, ಬತ್ತಾಳೆ ಅನ್ನು," ಎಂದಳು ರುದ್ರಮ್ಮ. "ನೀಲಾ, ಬಟ್ಟೆ ಕಟ್ಕೋ."

ನೀಲ ಕಂಬದ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಏನು ಕೊಡ್ತಾರಂತೆ?"

ಬೀರನಿಗೆ ಅರ್ಥವಾಗಲಿಲ್ಲ. "ಆಂ?"

"ದಿನಕ್ಕೆ ಹದಿನಾಲ್ಕಾಣೆ ಎಸ್ಟೇಟಿನ ಹೆಣ್ಣಾಳಿನ ರೇಟು. ವಾರವಾರ ಕೈಗೆ ಕೊಡ್ಬೇಕು. ಸೀರೆ ಬೇಡ. ಮಾಮಂಗೆ ಹಂಗೇ ಹೇಳು."

ರುದ್ರಮ್ಮ ಎದ್ದು ಬಂದು ಅವಳ ಬಾಯಿಯ ಮೇಲೆ ಹೊಡೆದಳು. ಮೊರ ಬಿದ್ದು ಅಕ್ಕಿ ಚೆಲ್ಲಿತು. ಬೀರ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟ.

"ಸ್ಕೂಲಿಗೆ ಕಳಿಸಿದ್ಕೆ ಇದು ಕಲ್ತು ಬಂದ್ಲು," ಎಂದ ಸಿದ್ದಬಸಪ್ಪ. ಅವನ ದನಿ ಏರಿರಲಿಲ್ಲ. "ಸಾಕು. ಮುಂದಿನ ವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಪುಸ್ತಕ ರೇವಣ್ಣನ ಪೆಟ್ಟಿಗೆಗೆ ಹಾಕು."

ಶಕುಂತಲಮ್ಮ ಕೂತು ಚೆಲ್ಲಿದ ಅಕ್ಕಿ ಗೋರುತ್ತಿದ್ದಳು. ಮಗಳ ತುಟಿಯ ರಕ್ತ ನೋಡಿ, "ಒಂದು ರೂಪಾಯಿ ಅನ್ಬೇಕಿತ್ತು," ಎಂದಳು. "ಬಾಣಂತಿ ಮನೇಲಿ ರಾತ್ರಿನೂ ಕೆಲಸ."

ಮೂರು ದಿನ ಬಿಟ್ಟು ಬೀರ ಮತ್ತೆ ಬಂದ. ಈ ಸಲ ಜಗಲಿಯ ಹತ್ತಿರ ನಿಲ್ಲದೆ ಅಂಗಳದಲ್ಲೇ ನಿಂತ. ಒಂದು ಕಾಗದದ ಪೊಟ್ಟಣವನ್ನು ಜಗಲಿಯ ಅಂಚಿಗಿಟ್ಟು, ಹೇಳಿಕೊಟ್ಟದ್ದನ್ನು ಮರೆಯಬಾರದೆಂದು ಕಣ್ಣು ಮುಚ್ಚಿಕೊಂಡು ಒಪ್ಪಿಸಿದ.

"ನಲವತ್ತು ದಿನಕ್ಕೆ ಹದಿನಾಲ್ಕಾಣೆಯಂಗೆ ಮೂವತ್ತೈದು ರೂಪಾಯಿ. ಅದ್ರಲ್ಲಿ ಸೀರೆದು ಹನ್ನೆರಡು ಹೋಯ್ತು. ಊಟ ದಿನಕ್ಕೆ ನಾಲ್ಕಾಣೆಯಂಗೆ ಹತ್ತು ಹೋಯ್ತು. ಮಿಕ್ಕಿದ್ದು ಹದಿಮೂರು, ಇಲ್ಲೈತೆ. ಆಳಿಗೂ ಧಣಿಗೂ ಲೆಕ್ಕ ಚುಕ್ತಾ ಆಯ್ತು. ಇನ್ಮೇಲೆ ನೆಂಟಸ್ತಿಕೆ ಹೇಳ್ಕಂಡು ಯಾರೂ ಬರಾದು ಬೇಡ, ನಾವೂ ಬರಾದಿಲ್ಲ. ಇಷ್ಟು ಹೇಳು ಅಂದ್ರು." ಆಮೇಲೆ ತನ್ನದೇ ದನಿಯಲ್ಲಿ, "ಅಮ್ಮಾವ್ರು ಅಳ್ತಿದ್ರು," ಎಂದು ಸೇರಿಸಿದ.

ರುದ್ರಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. "ನನ್ನ ಹಾಲಿ ಇನ್ನು ಈ ಮನೆ ಮೆಟ್ಟಿಲು ಹತ್ತಾದಿಲ್ವಾ? ಸಿದ್ದಾ, ಹೋಗಿ ಕಾಲು ಹಿಡ್ಕಂಡಾದ್ರೂ ಬಾರ್ಲಾ."

"ಅದನ್ನ ಮುಟ್ಬೇಡಿ ಯಾರೂ," ಎಂದ ಸಿದ್ದಬಸಪ್ಪ. "ಬೀರಾ, ವಾಪಸ್ ತಗಂಡು ಹೋಗು."

"ತಗಂಡು ಹೋದ್ರೆ ನನ್ನ ಕೆಲಸ ಹೋಯ್ತದೆ ಸ್ವಾಮಿ."

ಶಕುಂತಲಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ನೀಲಾ, ಎತ್ಕೋ. ಭಿಕ್ಷೆ ಅಲ್ಲ ಅದು."

ನೀಲ ಅಪ್ಪನ ಮುಂದೆ ಹಾದು ಹೋಗಿ ಪೊಟ್ಟಣ ಬಿಚ್ಚಿದಳು. ನೋಟುಗಳನ್ನು ಎಣಿಸಿ, ಚಿಲ್ಲರೆಯನ್ನು ಬೇರೆ ಮಾಡಿ, ಮತ್ತೆ ಕಟ್ಟಿದಳು.

"ಲೆಕ್ಕ ಸರಿ ಐತೆ," ಎಂದಳು ಬೀರನಿಗೆ. "ಕೊಟ್ಟೆ ಅಂತ ಹೇಳು."

ಬೀರ ಹೋದ. ಸಿದ್ದಬಸಪ್ಪ ಬೇಲಿಯ ಕಡೆ ತಿರುಗಿ ನಿಂತಿದ್ದ. ರುದ್ರಮ್ಮ ಅಳುವುದನ್ನು ನಿಲ್ಲಿಸಿರಲಿಲ್ಲ. ಅಂದು ಮಡಿಕೇರಿಯಲ್ಲಿ ಲೆಕ್ಕದ ಪರೀಕ್ಷೆ.